ಬಾರ್‌ಕೋಡಿನ 890 ಏನನ್ನು ಹೇಳುತ್ತದೆ?

ಪ್ರಶ್ನೆ: ಪೊಟ್ಟಣದ ಮೇಲಿನ ಬಾರ್‌ಕೋಡ್ 890ರಿಂದ ಆರಂಭವಾದರೆ ಆ ವಸ್ತು ಭಾರತದಲ್ಲೇ ತಯಾರಾದದ್ದೇ? ಅದರಲ್ಲಿ ಬೆಲೆಯೂ ಅಡಗಿರುತ್ತದೆಯೇ?

ಉತ್ತರ: ಎರಡೂ ಊಹೆಗಳು ಸರಿಯಲ್ಲ. ಬಾರ್‌ಕೋಡ್ ಎಂಬುದು ಯಂತ್ರವು ಓದಬಲ್ಲಂತೆ ಗೆರೆಗಳ ರೂಪದಲ್ಲಿ ಬರೆದ ಸಂಖ್ಯೆ. ಗೆರೆಗಳ ಕೆಳಗೆ ಮುದ್ರಿತವಾದ 13 ಅಂಕಿಗಳೇ ಆ ಸಂಖ್ಯೆ. ಮೊದಲಿನ 890 ಎಂಬುದು, ಸಂಖ್ಯೆಯನ್ನು ಪಡೆದ ಸಂಸ್ಥೆಯು ಇಂಥ ಸಂಖ್ಯೆಗಳನ್ನು ನೀಡುವ ಜಿಎಸ್1 ಇಂಡಿಯಾದಲ್ಲಿ ನೋಂದಾಯಿಸಿಕೊಂಡಿದೆ ಎಂಬುದನ್ನಷ್ಟೇ ಸೂಚಿಸುವುದರಿಂದ, ವಸ್ತುವು ಬೇರೆ ದೇಶದಲ್ಲಿ ತಯಾರಾಗಿರಲೂಬಹುದು. ಅನಂತರದ ಅಂಕಿಗಳಲ್ಲಿ ಮೊದಲ ಭಾಗವು ಸಂಸ್ಥೆಯನ್ನೂ ಮುಂದಿನದು ಆ ಸಂಸ್ಥೆಯ ನಿರ್ದಿಷ್ಟ ಸರಕನ್ನೂ ಗುರುತಿಸುತ್ತವೆ. ಒಂದೇ ಸಾಬೂನಿನ ಎರಡು ತೂಕದ ಪೊಟ್ಟಣಗಳಿಗೆ ಎರಡು ಬೇರೆ ಸಂಖ್ಯೆಗಳಿರುವುದು ಇದರಿಂದಲೇ.

ಕೊನೆಯದು ತಾಳೆ ಅಂಕಿ, ಅಂದರೆ ಓದುವಾಗ ಆಗಬಹುದಾದ ತಪ್ಪನ್ನು ಹಿಡಿಯುವ ಅಂಕಿ. ಎಡದಿಂದ ಬೆಸ ಸ್ಥಾನಗಳ ಅಂಕಿಗಳ ಮೊತ್ತಕ್ಕೆ ಸಮ ಸ್ಥಾನಗಳ ಮೊತ್ತದ ಮೂರರಷ್ಟನ್ನು ಕೂಡಿಸಿ, ಬಂದದ್ದನ್ನು ಹತ್ತರ ಗುಣಕವಾಗಿಸಲು ಬೇಕಾದ ಅಂಕಿಯನ್ನು ಕೊನೆಯಲ್ಲಿ ಇಡಲಾಗುತ್ತದೆ. ಉದಾಹರಣೆಗೆ, 890123456789 ಎಂಬುದರಲ್ಲಿ ಬೆಸ ಸ್ಥಾನಗಳ ಮೊತ್ತ 28, ಸಮ ಸ್ಥಾನಗಳ ಮೊತ್ತ 34. 28ಕ್ಕೆ 102 ಕೂಡಿದರೆ 130 ಆಗಿ, ಅದು ಹತ್ತರ ಗುಣಕವೇ ಆದುದರಿಂದ ತಾಳೆ ಅಂಕಿ 0 ಆಗುತ್ತದೆ.

ಬೆಲೆಯಾದರೋ ಅಂಗಡಿಯ ಗಣಕಯಂತ್ರದಲ್ಲಿರುತ್ತದೆ. ಸಂಖ್ಯೆಯನ್ನು ಓದಿದ ಕೂಡಲೇ ಯಂತ್ರವು ಬೆಲೆಯನ್ನು ಹುಡುಕಿ ಬಿಲ್ಲಿಗೆ ಸೇರಿಸುತ್ತದೆ. ತರಕಾರಿಯಂಥ ಸರಕನ್ನು ಅಂಗಡಿಯಲ್ಲೇ ತೂಗಿ ಅಂಟಿಸುವ, ಸಾಮಾನ್ಯವಾಗಿ 2ರಿಂದ ಆರಂಭವಾಗುವ ಚೀಟಿಗಳು ಮಾತ್ರ ಇದಕ್ಕೆ ಅಪವಾದವಾಗಿದ್ದು, ಅವುಗಳಲ್ಲಿ ತೂಕವನ್ನೋ ಬೆಲೆಯನ್ನೋ ಅಡಕಗೊಳಿಸಬಹುದು.