ನೋವು ಬರುವ ಮೊದಲೇ ಗಾಡಿ ಗೊತ್ತಿರಲಿ

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದತ್ತ ಇಳಿಯುವ ಜೀಪಿನ ದಾರಿ ಕಾಡು, ಕಾಫಿ ತೋಟಗಳ ನಡುವೆ ಕುಲುಕುತ್ತ ಸಾಗುತ್ತದೆ. ಪ್ರವಾಸಿಗೆ ಆ ಕುಲುಕಾಟವೇ ಮಜಾ. ತೋಟದ ಲೈನ್ ಮನೆಯಲ್ಲಿ ದಿನ ತುಂಬಿದ ಬಸುರಿಗೆ ಮಾತ್ರ ಅದೇ ದಾರಿ ದಿಗಿಲು. ಮಳೆಗೆ ಮರ ಅಡ್ಡ ಬಿದ್ದರೆ? ಫೋನಿಗೆ ಸಿಗ್ನಲ್ ಸಿಗದಿದ್ದರೆ? ಲಿಂಗದಹಳ್ಳಿ ದಾಟಿ ತರೀಕೆರೆಯ ತಾಲ್ಲೂಕು ಆಸ್ಪತ್ರೆ ಮುಟ್ಟುವುದು ಎಷ್ಟು ಹೊತ್ತಿಗೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಜಾಗ ಅಂಗನವಾಡಿಯ ಚಾಪೆ. ತಿಂಗಳಿಗೊಮ್ಮೆ ಅಲ್ಲಿ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತೆ ದಿನ. ಗೋಡೆಯ ಮೇಲೆ ಸೊಪ್ಪು ತರಕಾರಿಯ ಚಾರ್ಟು, ಮೂಲೆಯಲ್ಲಿ ತೂಕದ ಯಂತ್ರ. ಸಿಸ್ಟರ್ ಬಿಪಿ ನೋಡುತ್ತಿದ್ದರೆ, ಆಶಾ ಕಾರ್ಯಕರ್ತೆ ತೊಡೆಯ ಮೇಲೆ ಫ್ಲಿಪ್ ಚಾರ್ಟ್ ನಿಲ್ಲಿಸಿಕೊಂಡು ಹಾಳೆ ಮಗುಚುತ್ತಾರೆ. ಚಿತ್ರ ಹೆಂಗಸರ ಕಡೆಗೆ, ಅಕ್ಷರ ಕಾರ್ಯಕರ್ತೆಯ ಕಡೆಗೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಹುಡುಗಿಗೂ ಚಿತ್ರ ಅರ್ಥವಾಗುತ್ತದೆ.

ರಕ್ತಸ್ರಾವ, ಜ್ವರ, ಫಿಟ್ಸ್, ಊದಿದ ಮುಖ: ಅಪಾಯದ ಚಿಹ್ನೆಗಳ ಹಾಳೆ ಬಂದಾಗ ಪಿಸುಮಾತು ನಿಲ್ಲುತ್ತದೆ. “ಬಸುರಿಯರಿಗೆ ಕಾಲು ಊದೋದು ಇದ್ದಿದ್ದೇ” ಎನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಮುಖ, ಕೈ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ತಡಮಾಡಬಾರದು. ಬಿಪಿ 140/90 ಮುಟ್ಟಿದರೆ ಡಾಕ್ಟರನ್ನು ಕಾಣಲೇಬೇಕು. ಮಗುವಿನ ಮಿಸುಕಾಟ ಕಡಿಮೆಯಾದರೂ ಅಷ್ಟೇ.

ಆಮೇಲೆ ತಾಯಿ ಕಾರ್ಡ್ ಬಿಚ್ಚಿಕೊಳ್ಳುತ್ತದೆ. ಹಿಮೋಗ್ಲೋಬಿನ್, ರಕ್ತದ ಗುಂಪು, ಹೆರಿಗೆಯ ಅಂದಾಜು ತಾರೀಖು, ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ. ಮಾತು ನಿಧಾನವಾಗುವುದು ಹೆರಿಗೆಯ ಸಿದ್ಧತೆಗೆ ಬಂದಾಗ: ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು, ಮನೆಯ ಮಕ್ಕಳನ್ನು ನೋಡಿಕೊಳ್ಳುವವರು ಯಾರು. 108 ಆಂಬುಲೆನ್ಸ್ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ ಎಲ್ಲ ಉಚಿತ. ಆದರೂ ಸಿಗ್ನಲ್ ಸಿಗದ ಕಡೆ ಪಕ್ಕದ ತೋಟದ ಜೀಪಿನವನ ನಂಬರೂ ಕಾರ್ಡಿನ ಅಂಚಿನಲ್ಲಿ ಇರಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟವಳ ಚೀಲದಲ್ಲಿ ಒಗೆದಿಟ್ಟ ಹತ್ತಿ ಬಟ್ಟೆಯ ಜೊತೆ ಆ ಕಾರ್ಡೂ ಹೋಗಬೇಕು.

ಇಷ್ಟೆಲ್ಲ ಕಲಿತರೂ ಅರ್ಧರಾತ್ರಿ ನೋವು ಬಂದಾಗ “ಹೊರಡೋಣ” ಎನ್ನುವ ಮಾತು ಬಹಳ ಮನೆಗಳಲ್ಲಿ ಬಸುರಿಯ ಬಾಯಿಂದ ಬರುವುದಿಲ್ಲ. ಗಾಡಿ ಕರೆಸುವವನು ಗಂಡ, ಹೊತ್ತು ನೋಡೋಣ ಎನ್ನುವವಳು ಅತ್ತೆ. ಫ್ಲಿಪ್ ಚಾರ್ಟಿನ ಎದುರು ಚಾಪೆಯಲ್ಲಿ ಅವರಿಬ್ಬರಿಗೂ ಜಾಗ ಮಾಡಬೇಕು.