ಒಣನದಿ ಕೆತ್ತಿದ ಬಂದರು

ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿದು ಬಂದು ಸೇರುವ ನದಿ ಒಂದೂ ಇಲ್ಲ. ಆದರೂ ಅಲ್ಲಿಯ ನೈಸರ್ಗಿಕ ಬಂದರುಗಳನ್ನು ಕೆತ್ತಿಕೊಟ್ಟದ್ದು ನದಿಗಳೇ ಎಂದರೆ ಸೋಜಿಗವೆನಿಸಬಹುದು.

ಈಜಿಪ್ಟ್ ಮತ್ತು ಸೂಡಾನ್ ದೇಶಗಳ ತೀರವನ್ನು ನಕ್ಷೆಯಲ್ಲಿ ನೋಡಿದರೆ, ಮರುಭೂಮಿಯೊಳಕ್ಕೆ ಬೆರಳು ಚಾಚಿದಂತೆ ಕಿರುಕೊಲ್ಲಿಗಳು ಕಾಣುತ್ತವೆ. ಇಂಥ ಕೊಲ್ಲಿಗೆ ಅರಬ್ಬೀ ಭಾಷೆಯಲ್ಲಿ ‘ಶರ್ಮ್’ ಎಂದು ಹೆಸರು. ಹಡಗು ತಂಗುವ ಎಡೆಯಾದರೆ ‘ಮರ್ಸಾ’. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿತ್ತು. ಬೆಟ್ಟಗಳಿಂದ ಇಳಿದ ಮಳೆಯ ನೀರು ದಂಡೆಯ ಸುಣ್ಣಕಲ್ಲನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿತು. ಹಿಮ ಕರಗಿ ಸಮುದ್ರ ಏರಿದಾಗ ಕಣಿವೆಗಳು ಮುಳುಗಿ ಕೊಲ್ಲಿಗಳಾದವು.

ದಂಡೆಯುದ್ದಕ್ಕೂ ಹವಳ ಗೋಡೆ ಕಟ್ಟಿದೆ. ಆದರೆ ಸಿಹಿನೀರೂ ಕೆಸರೂ ಹವಳದ ಜೀವಿಗೆ ಒಗ್ಗುವುದಿಲ್ಲ. ಎಂದೋ ಒಮ್ಮೆ ಬರುವ ನೆರೆಯ ದಾರಿಯಲ್ಲಿ ಅದು ಬೆಳೆಯದೆ, ಗೋಡೆಯಲ್ಲಿ ಬಾಗಿಲು ಉಳಿದುಕೊಂಡಿದೆ. 1905ರಿಂದ 1909ರವರೆಗೆ ಬ್ರಿಟಿಷರು ಪೋರ್ಟ್ ಸೂಡಾನನ್ನು ಕಟ್ಟಿದ್ದು ಇಂಥದೊಂದು ಮರ್ಸಾದಲ್ಲಿಯೇ.

ಹಾಯಿಹಡಗಿನಲ್ಲಿ ಬಂದವರು ಈ ಬಾಗಿಲನ್ನು ಹೊಕ್ಕು ನೋಡುವುದು ಹೇಗೆ? ಹಡಗು ಹೊರಗೆ ನಿಲ್ಲುತ್ತದೆ. ಪುಟ್ಟ ಡಿಂಗಿ ಮುಂದೆ ಹೋಗುತ್ತದೆ. (ಇಂಗ್ಲಿಷರು ಈ ಹೆಸರನ್ನು ನಮ್ಮ ದೇಶದಿಂದಲೇ ಒಯ್ದರು.) ಇದು ಬರಿಯ ಶಿಸ್ತಿನ ಮಾತಲ್ಲ. ನಮ್ಮ ಮಂಗಳೂರು, ಕಾರವಾರಗಳ ಕಡೆ ದೋಣಿ ನೆಲ ಹತ್ತಿದರೆ ಮುಂದಿನ ಭರತಕ್ಕೆ ಕಾಯಬಹುದು. ಕೆಂಪು ಸಮುದ್ರದ ನಡುಭಾಗದಲ್ಲಿ ಭರತ ಇಳಿತಗಳು ಇಲ್ಲವೆನ್ನುವಷ್ಟು ಕಡಿಮೆ. ಹವಳದ ಮೇಲೆ ಕುಳಿತ ಹಡಗನ್ನು ಎತ್ತಲು ಸಮುದ್ರ ಬರುವುದಿಲ್ಲ.

ಆದುದರಿಂದ ಹೊತ್ತು ನೋಡಿ ಹೊರಡಬೇಕು. ಸೂರ್ಯ ಮೇಲೇರಿ ಬೆನ್ನ ಹಿಂದೆ ಇದ್ದರೆ ನೀರಿನ ಬಣ್ಣ ತಿಳಿಯುತ್ತದೆ: ಕಡುನೀಲಿ ಆಳ, ತಿಳಿಹಸಿರು ಮರಳಿನ ಮೇಲಣ ತೆಳುನೀರು, ಕಂದು ಎಂದರೆ ಹವಳ. ಸೂರ್ಯ ಎದುರಿಗಿದ್ದರೆ ಎಲ್ಲವೂ ಒಂದೇ ಹೊಳಪು. ಒಬ್ಬರು ಹುಟ್ಟು ಹಾಕುವಾಗ ಇನ್ನೊಬ್ಬರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ಅಳೆಯುತ್ತಾರೆ. ಗುಂಡಿನ ತಳಕ್ಕೆ ಮೆತ್ತಿದ ಕೊಬ್ಬಿಗೆ ಮರಳು ಅಂಟಿ ಬಂದರೆ ಲಂಗರು ಹಿಡಿಯುವ ನೆಲ ಸಿಕ್ಕಿತೆಂದೇ ಅರ್ಥ. ಹಳೆಯ ನದಿಯ ಪಾತ್ರವೇ ಸಾಮಾನ್ಯವಾಗಿ ಆಳವಾದ ದಾರಿ.

ಒಳಗೆ ಅಲೆಯಿಲ್ಲ, ಮನೆಯಿಲ್ಲ. ಕೆಲವೆಡೆ ನಮ್ಮ ಕರಾವಳಿಯ ಕಾಂಡ್ಲದ ಬಳಗದ ಗಿಡಗಳು ಉಪ್ಪುನೀರಿನಲ್ಲಿ ನಿಂತಿರುತ್ತವೆ. ಕುಡಿಯುವ ನೀರು ಸಿಗುವುದಿಲ್ಲ. ಗಂಟೆಯ ಸುತ್ತಾಟಕ್ಕೂ ಡಿಂಗಿಯಲ್ಲಿ ನೀರು ಇರಲೇಬೇಕು. ಮಧ್ಯಾಹ್ನದ ಮೇಲೆ ಗಾಳಿ ಬಿರುಸಾದರೆ ಮರಳುವ ದಾರಿ ಹೋದ ದಾರಿಯಷ್ಟು ಸುಲಭವಲ್ಲ.

ದಡಕ್ಕಿಳಿದವರು ಕೊಲ್ಲಿಯ ತುದಿಯ ನುಣ್ಣನೆಯ ಮರಳಿನಲ್ಲಿ ಬಿಡಾರ ಹೂಡಲು ಬಯಸುವುದು ಸಹಜ. ಹೂಡಬಾರದು. ಅದು ನದಿಯ ಹಾಸು. ದೂರದ ಬೆಟ್ಟದಲ್ಲಿ ಮಳೆ ಸುರಿದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ, ಬಂದರನ್ನು ಕೆತ್ತಿದ ಆ ನೀರು ಅದೇ ಹಾದಿಯಲ್ಲಿ ಇಳಿದು ಬರುತ್ತದೆ.