ವಿಕಿರಣ ತಾಗಿದ ಜೊಲ್ಲುಗ್ರಂಥಿ

ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಗೆಡ್ಡೆಯ ಆಸುಪಾಸಿನ ಜೊಲ್ಲುಗ್ರಂಥಿಗಳಿಗೂ ಕಿರಣ ತಾಗುತ್ತದೆ. ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯಡಿ. ತುಟಿ, ಕೆನ್ನೆ, ಅಂಗುಳದಲ್ಲಿ ಸಣ್ಣವು ನೂರಾರು. ಎಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ಊಟದ ಹೊತ್ತಿಗೆ ಉಕ್ಕುವ ತೆಳು ಜೊಲ್ಲು ಬಹುಪಾಲು ಕಿವಿಯ ಮುಂದಿನ ಗ್ರಂಥಿಯದು. ಉಳಿದ ಹೊತ್ತು ಬಾಯನ್ನು ತೇವವಾಗಿಡುವುದು ಮುಖ್ಯವಾಗಿ ದವಡೆಯಡಿಯದು.

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ರಾಗಿ ಸೀಮೆ. ಅಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ತುತ್ತು ಜಾರಲು ಸಾರಿನ ಜೊತೆಗೆ ಜೊಲ್ಲೂ ಬೇಕು. ಬಾಯಿ ಬತ್ತಿದವರಿಗೆ ಅದೇ ತುತ್ತು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ, ಸಾರಿನ ಖಾರ ಉರಿಯುತ್ತದೆ. ಹೊಗೆಸೊಪ್ಪು, ಅಡಿಕೆ ಅಗಿಯುವ ನಾಡಿನಲ್ಲಿ ಇದು ಅಪರೂಪದ ಕಷ್ಟವಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಬಾಯಿ, ಗಂಟಲಿನ ಕ್ಯಾನ್ಸರಿನವರು ಬಹಳ.

ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ, ವಾರಕ್ಕೆ ಐದು ದಿನ. ದಿನಕ್ಕೆ ಸುಮಾರು 2 ಗ್ರೇಯಂತೆ ಗೆಡ್ಡೆಗೆ ಒಟ್ಟು 60ರಿಂದ 70 ಗ್ರೇ. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿ ಹೀರಿದರೆ ಅದು ಒಂದು ಗ್ರೇ.

ವಿಕಿರಣಕ್ಕೆ ಬೇಗ ಸಾಯುವುದು ಬೇಗ ಬೇಗ ವಿಭಜನೆಯಾಗುವ ಜೀವಕೋಶ. ಜೊಲ್ಲು ತಯಾರಿಸುವ ಕೋಶಗಳು ವಿಭಜನೆಯಾಗುವುದೇ ಅಪರೂಪ. ಆದರೂ ಮೊದಲ ವಾರದಲ್ಲೇ ಜೊಲ್ಲು ಅರ್ಧಕ್ಕೆ ಇಳಿದುಬಿಡುತ್ತದೆ! ಇಲಿಗಳ ಮೇಲಿನ ಪ್ರಯೋಗಗಳು ಕಾರಣವನ್ನು ಸೂಚಿಸುತ್ತವೆ. ದ್ರಾಕ್ಷಿ ಗೊಂಚಲಿನಂತೆ ನಾಳದ ತುದಿಗೆ ಜೋಡಿಸಿಕೊಂಡ ಈ ಕೋಶಗಳು ಆಗಿನ್ನೂ ಸತ್ತಿರುವುದಿಲ್ಲ. ನರದ ಸಂದೇಶ ಬಂದಾಗ ನೀರನ್ನು ಹೊರಬಿಡುವ ವ್ಯವಸ್ಥೆ ಅವುಗಳ ಪೊರೆಯಲ್ಲಿ ಕೆಟ್ಟಿರುತ್ತದೆ. ಆದ್ದರಿಂದ ಉಳಿದ ಜೊಲ್ಲು ಗಟ್ಟಿಯಾಗಿ, ಅಂಟಂಟಾಗಿ, ಎಳೆ ಎಳೆಯಾಗಿ ಬರುತ್ತದೆ. ಕೋಶಗಳು ನಿಜವಾಗಿ ಕಡಿಮೆಯಾಗುವುದು ಆಮೇಲೆ. ಸವೆದವುಗಳ ಜಾಗ ತುಂಬಬೇಕಾದ ಆಕರ ಕೋಶಗಳೂ ಸತ್ತಿದ್ದರೆ ಗ್ರಂಥಿ ಕುಗ್ಗಿ, ಅಲ್ಲಿ ನಾರು ಬೆಳೆಯುತ್ತದೆ.

ಚೇತರಿಕೆಯನ್ನು ನಿರ್ಧರಿಸುವುದು ಮುಖ್ಯವಾಗಿ ಗ್ರಂಥಿಗೆ ಬಿದ್ದ ಪ್ರಮಾಣ. ಕಿವಿಯ ಮುಂದಿನ ಗ್ರಂಥಿಗೆ ಸರಾಸರಿ 25 ಗ್ರೇ ಮೀರದಿದ್ದರೆ ಒಂದೆರಡು ವರ್ಷದಲ್ಲಿ ಜೊಲ್ಲು ಬಹುಮಟ್ಟಿಗೆ ಮರಳುತ್ತದೆ. 40 ದಾಟಿದರೆ ಆಸೆ ಕಡಿಮೆ. ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವ ಐಎಂಆರ್‌ಟಿ ವಿಧಾನದ ಬೆಲೆ ಇಲ್ಲಿದೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ ಹಳೆಯ ವಿಧಾನದ ರೋಗಿಗಳ ಪೈಕಿ ಶೇ. 74 ಮಂದಿಗೆ ಒಂದು ವರ್ಷದ ನಂತರವೂ ಬಾಯಿ ಗಣನೀಯವಾಗಿ ಒಣಗಿತ್ತು. ಐಎಂಆರ್‌ಟಿ ಪಡೆದವರಲ್ಲಿ ಶೇ. 38 ಮಂದಿಗೆ. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ಸಂಶೋಧಕರು 2015ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಆಕರ ಕೋಶಗಳು ಗ್ರಂಥಿಯ ದೊಡ್ಡ ನಾಳಗಳ ಬಳಿ ಗುಂಪಾಗಿವೆ. ಸರಾಸರಿ ಎಷ್ಟು ಎಂಬುದರ ಜೊತೆಗೆ ಎಲ್ಲಿ ಬಿತ್ತು ಎಂಬುದೂ ಮುಖ್ಯವೆಂದಾಯಿತು.

ಪೈಲೋಕಾರ್ಪಿನ್ ಮಾತ್ರೆ ಉಳಿದ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಕೋಶಗಳೇ ಉಳಿಯದಿದ್ದರೆ ಅದರಿಂದ ಫಲವಿಲ್ಲ, ಹತೋಟಿಯಲ್ಲಿಲ್ಲದ ಆಸ್ತಮಾ ಇರುವವರಿಗೆ ಅದು ಸಲ್ಲದು. ಜೊಲ್ಲಿನ ರಕ್ಷಣೆ ತಪ್ಪಿದ ಹಲ್ಲುಗಳು ಬುಡದಲ್ಲೇ ಹುಳುಕಾಗುವುದರಿಂದ ಫ್ಲೋರೈಡ್ ಲೇಪನ ದೀರ್ಘಕಾಲ ಬೇಕು, ಹುಣಸೆ, ನಿಂಬೆ ಮಿತಿಯಲ್ಲಿರಬೇಕು. ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಎರಡು ಮೂರು ವಾರ ಮೊದಲೇ ಕೀಳಿಸುತ್ತಾರೆ. ವಿಕಿರಣ ತಾಗಿದ ದವಡೆಯ ಮೂಳೆ ವರ್ಷಗಳ ನಂತರವೂ ಸುಲಭವಾಗಿ ಮಾಯುವುದಿಲ್ಲ. ಆಮೇಲೆ ಹಲ್ಲು ಕೀಳಿಸಬೇಕಾಗಿ ಬಂದರೆ ಆ ಚಿಕಿತ್ಸೆಯ ವಿಷಯವನ್ನು ದಂತವೈದ್ಯರಿಗೆ ಮೊದಲೇ ತಿಳಿಸಲೇಬೇಕು.